ಭಂಗಿಯೂ ಮಿದುಳಿನ ಮಾತುಕತೆಯೂ

ಭಂಗಿಯ ಗಿಡವು ನಮ್ಮ ದೇಶಕ್ಕೆ ಹೊಸದಲ್ಲ. ಆಯುರ್ವೇದ ಗ್ರಂಥಗಳು ಅದನ್ನು ‘ವಿಜಯಾ’ ಎಂದು ಕರೆದಿವೆ. ಅದರ ಎಲೆಯಿಂದ ಮಾಡಿದುದು ಭಂಗಿ. ಹೆಣ್ಣು ಗಿಡದ ಹೂವಿನ ತೆನೆಯನ್ನು ಒಣಗಿಸಿದುದು ಗಾಂಜಾ. ತೆನೆಯ ಮೇಲೆ ಒಸರುವ ಅಂಟನ್ನು ಬೇರ್ಪಡಿಸಿದುದು ಚರಸ್. ಹಂಪಿಯ ಜಾತ್ರೆಗೆ ಹೋದ ನಮ್ಮ ವಾಚಕರಲ್ಲಿ ಕೆಲವರಾದರೂ ಚಿಲುಮೆ ಸೇದುತ್ತ ಕುಳಿತ ಬೈರಾಗಿಗಳನ್ನು ನೋಡಿರಬಹುದು. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಯ ಕಾಲಕ್ಕೆ ಗಾಂಜಾವನ್ನು ಪ್ರಸಾದರೂಪವಾಗಿ ಕೊಡುವ ವಾಡಿಕೆಯುಂಟೆಂದು ೨೦೨೦ರಲ್ಲಿ ವೃತ್ತಪತ್ರಿಕೆಗಳು ವರದಿ ಮಾಡಿದ್ದವು.

ಹೊಸಪೇಟೆಯ ಕಾಲೇಜುಗಳಿಗೆ ಕಂಪ್ಲಿಯಿಂದಲೂ ಸಂಡೂರಿನಿಂದಲೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳ ನಡುವೆ ಈ ಗಿಡದ ಮಾತು ಆಗಾಗ ಏಳುವುದುಂಟು. “ಸೊಪ್ಪು ತಾನೆ, ದೇವರೇ ಕೊಟ್ಟ ಗಿಡ, ಅದರಿಂದೇನು ಕೇಡು?” ಎಂದು ಒಬ್ಬನು ವಾದಿಸುವನು. “ಒಂದು ಸಲ ಮುಟ್ಟಿದರೆ ಹುಚ್ಚು ಹಿಡಿಯುವುದು ಖಂಡಿತ” ಎಂದು ಇನ್ನೊಬ್ಬನು ಹೆದರಿಸುವನು. ಈ ವಾದವೂ ಹಳೆಯದೇ. ೧೮೯೩ರಲ್ಲಿ ಅಂದಿನ ಭಾರತ ಸರ್ಕಾರವು ಇದನ್ನು ಬಗೆಹರಿಸುವುದಕ್ಕಾಗಿ ಏಳು ಮಂದಿ ಸದಸ್ಯರ ಆಯೋಗವೊಂದನ್ನು ನೇಮಿಸಿತು. ಆಯೋಗವು ಸಾವಿರಕ್ಕೂ ಹೆಚ್ಚು ಮಂದಿಯ ಸಾಕ್ಷ್ಯವನ್ನು ಪಡೆದು ೧೮೯೪ರಲ್ಲಿ ವರದಿ ಸಲ್ಲಿಸಿತು. ಬಳ್ಳಾರಿ ಜಿಲ್ಲೆಯನ್ನು ಒಳಗೊಂಡಿದ್ದ ಮದರಾಸು ಪ್ರಾಂತವೂ ಅದರ ವಿಚಾರಣೆಗೆ ಸೇರಿತ್ತು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡುಂಟು ಎಂಬುದು ಅದರ ತೀರ್ಮಾನ. ಆದರೆ ಈ ಗಿಡದ ಹೊಗೆಯು ಮನುಷ್ಯನ ನೆನಪನ್ನೂ ಹಸಿವನ್ನೂ ಕಾಲದ ಅರಿವನ್ನೂ ಬದಲಿಸುವುದು ಹೇಗೆ ಎಂಬ ಪ್ರಶ್ನೆಗೆ ಆ ಸದಸ್ಯರಲ್ಲಿ ಉತ್ತರವಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಉತ್ತರ ದೊರೆತುದು ಕಳೆದ ಅರುವತ್ತು ವರ್ಷಗಳಲ್ಲಿ. ಅದು ದೊರೆತ ಮೇಲೆ, ಮೇಲೆ ಹೇಳಿದ ಇಬ್ಬರು ವಿದ್ಯಾರ್ಥಿಗಳ ಮಾತನ್ನೂ ತೂಗಿ ನೋಡುವುದು ನಮಗೆ ಸಾಧ್ಯವಾಗಿದೆ.

ನರಕೋಶದ ವಿದ್ಯುತ್ತು

ಮೊದಲು ಮಿದುಳಿನ ಕೋಶಗಳು ಒಂದರೊಡನೊಂದು ಮಾತನಾಡುವ ಬಗೆಯನ್ನು ತಿಳಿಯೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಪ್ರತಿಯೊಂದು ಕೋಶವನ್ನೂ ಕೊಬ್ಬಿನ ಅಣುಗಳಿಂದಾದ ತೆಳುವಾದ ಪೊರೆಯೊಂದು ಸುತ್ತಿಕೊಂಡಿರುವುದು. ಇದರ ದಪ್ಪ ಸುಮಾರು ೫ ನ್ಯಾನೊಮೀಟರು, ಅಂದರೆ ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಐದು ಭಾಗ. ಕೋಶವು ವಿಶ್ರಾಂತಿಯಲ್ಲಿರುವಾಗ ಪೊರೆಯ ಒಳಮೈ ಹೊರಮೈಗಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಿಭವದಲ್ಲಿರುವುದು.

೭೦ ಮಿಲಿವೋಲ್ಟು ಬಹಳ ಅಲ್ಪವೆಂದು ತೋರಬಹುದು. ಟಾರ್ಚಿನ ಒಂದು ಸೆಲ್ಲಿನ ವಿಭವದ ಇಪ್ಪತ್ತರಲ್ಲೊಂದು ಭಾಗವೂ ಅದಲ್ಲ. ಆದರೆ ಆ ವಿಭವಾಂತರವು ಎಷ್ಟು ತೆಳುವಾದ ಪೊರೆಯ ಆಚೀಚೆ ನಿಂತಿದೆಯೆಂಬುದನ್ನು ಗಮನಿಸಬೇಕು. ವಿಭವಾಂತರವನ್ನು ದಪ್ಪದಿಂದ ಭಾಗಿಸಿದರೆ ವಿದ್ಯುತ್ ಕ್ಷೇತ್ರವು ದೊರೆಯುವುದು: ಮೀಟರಿಗೆ ೧ ಕೋಟಿ ೪೦ ಲಕ್ಷ ವೋಲ್ಟು! ಗಾಳಿಯಲ್ಲಿ ಮೀಟರಿಗೆ ಸುಮಾರು ೩೦ ಲಕ್ಷ ವೋಲ್ಟಾದರೆ ಸಾಕು, ಕಿಡಿ ಹಾರುವುದು. ಅದರ ನಾಲ್ಕು ಪಟ್ಟಿಗೂ ಮಿಕ್ಕ ಕ್ಷೇತ್ರವನ್ನು ನಮ್ಮ ತಲೆಯೊಳಗಿನ ಪ್ರತಿಯೊಂದು ನರಕೋಶವೂ ಸದ್ದಿಲ್ಲದೆ ಹೊತ್ತುಕೊಂಡಿದೆ.

ಕೋಶಕ್ಕೆ ಸಾಕಷ್ಟು ಪ್ರಚೋದನೆ ಸಿಕ್ಕಿದೊಡನೆ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು, ಧನವಿದ್ಯುತ್ತಿನ ಸೋಡಿಯಂ ಅಯಾನುಗಳು ಒಳನುಗ್ಗುವುವು. ಸುಮಾರು ಒಂದು ಮಿಲಿಸೆಕೆಂಡಿನಷ್ಟು ಕಾಲ ಒಳಮೈಯ ವಿಭವವು ಮೇಲೆದ್ದು ಮತ್ತೆ ಇಳಿಯುವುದು. ಈ ಏರಿಳಿತವು ಅಲೆಯಂತೆ ನರತಂತುವಿನ ಉದ್ದಕ್ಕೂ ಸಾಗಿ ಅದರ ತುದಿಯನ್ನು ಮುಟ್ಟುವುದು. ಆದರೆ ಅಲ್ಲಿ ದಾರಿ ಮುಗಿಯಿತು. ಮುಂದಿನ ನರಕೋಶಕ್ಕೂ ಇದಕ್ಕೂ ನಡುವೆ ಸುಮಾರು ೨೦ ನ್ಯಾನೊಮೀಟರು ಅಗಲದ ಕಂಡಿಯಿದೆ. ಎರಡು ಕೋಶಗಳು ಹೀಗೆ ಎದುರುಬದುರಾಗುವ ಎಡೆಗೆ ನರಸಂಧಿಯೆಂದು ಹೆಸರು. ಇಂಥ ಸಂಧಿಗಳಲ್ಲಿ ಬಹುಪಾಲಿನವುಗಳಲ್ಲಿ ವಿದ್ಯುತ್ತು ನೇರವಾಗಿ ದಾಟಲಾರದು. ಅದು ರಸಾಯನದ ವೇಷವನ್ನು ತೊಡಬೇಕು.

ವೇಷ ಬದಲಾಗುವುದು ಕ್ಯಾಲ್ಸಿಯಂ ಅಯಾನುಗಳ ಮೂಲಕ. ನರತಂತುವಿನ ತುದಿಯ ಹೊರಗೆ ಈ ಅಯಾನುಗಳ ಸಾಂದ್ರತೆಯು ಒಳಗಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ವಿದ್ಯುತ್ತಿನ ಅಲೆ ಬಂದೊಡನೆ ಕ್ಯಾಲ್ಸಿಯಂ ಬಾಗಿಲುಗಳು ತೆರೆಯುವುವು; ಅಯಾನುಗಳು ಒಳಗೆ ಧುಮುಕುವುವು. ತುದಿಯಲ್ಲಿ ಮೊದಲೇ ಸಿದ್ಧವಾಗಿ ನಿಂತ, ಸುಮಾರು ೪೦ ನ್ಯಾನೊಮೀಟರು ಅಡ್ಡಳತೆಯ ಪುಟ್ಟ ಚೀಲಗಳು ಆಗ ಪೊರೆಯೊಡನೆ ಕೂಡಿಕೊಂಡು ಬಾಯ್ದೆರೆದು, ತಮ್ಮೊಳಗಿನ ದೂತದ್ರವ್ಯವನ್ನು ಕಂಡಿಗೆ ಸುರಿಯುವುವು. ಅಣುಗಳು ನೀರಿನಲ್ಲಿ ತಾವಾಗಿ ಹರಡಿಕೊಳ್ಳುವ ವೇಗವನ್ನು ಲೆಕ್ಕ ಹಾಕಿದರೆ, ೨೦ ನ್ಯಾನೊಮೀಟರಿನ ಈ ಕಂಡಿಯನ್ನು ದಾಟಲು ದೂತದ್ರವ್ಯಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಕಾಲವೂ ಬೇಡ. ಎದುರು ದಡದಲ್ಲಿ ಅದಕ್ಕಾಗಿಯೇ ಕಾದಿರುವ ಗ್ರಾಹಿಗಳೆಂಬ ಪ್ರೋಟೀನುಗಳಿವೆ. ಬೀಗಕ್ಕೆ ಕೀಲಿಕೈ ಕೂಡುವಂತೆ ದೂತದ್ರವ್ಯವು ಗ್ರಾಹಿಯನ್ನು ಕೂಡುವುದು.

ಮಿದುಳಿನ ದೂತದ್ರವ್ಯಗಳಲ್ಲಿ ಎರಡನ್ನು ನೆನಪಿಟ್ಟರೆ ಈ ಲೇಖನಕ್ಕೆ ಸಾಕು. ಗ್ಲುಟಮೇಟ್ ಎಂಬುದು ಮುಂದಿನ ಕೋಶವನ್ನು ‘ಏಳು’ ಎಂದು ಎಬ್ಬಿಸುವುದು. ಗಾಬಾ ಎಂಬುದು ‘ಸುಮ್ಮನಿರು’ ಎಂದು ತಡೆಯುವುದು. ಎಬ್ಬಿಸುವುದೂ ತಡೆಯುವುದೂ ಹದವಾಗಿ ಕೂಡಿದಾಗ ನೋಟ, ನಡೆ, ನೆನಪು ಮೊದಲಾದ ಮಿದುಳಿನ ಕಾರ್ಯಗಳು ಸರಿಯಾಗಿ ನಡೆಯುವುವು.

ಬೀಗ ಮೊದಲು ಸಿಕ್ಕಿತು, ಕೀಲಿಕೈ ಆಮೇಲೆ

ಇನ್ನು ಭಂಗಿಯ ಗಿಡಕ್ಕೆ ಬರೋಣ. ಅದರ ಅಮಲಿಗೆ ಎಲೆಯ ಆಕಾರವು ಕಾರಣವಲ್ಲವೆಂಬುದನ್ನು ನಮ್ಮ ಸೀಮೆಯವರು ಸುಲಭವಾಗಿ ಅರಿಯಬಹುದು. ರೊಟ್ಟಿಯೊಡನೆ ನಾವು ಪಲ್ಯ ಮಾಡಿ ಉಣ್ಣುವ ಪುಂಡಿಯ ಒಂದು ಜಾತಿಗೆ, ಎಲೆಯು ಭಂಗಿಯ ಎಲೆಯನ್ನು ಹೋಲುವುದೆಂಬ ಕಾರಣದಿಂದಲೇ ಸಸ್ಯಶಾಸ್ತ್ರಜ್ಞರು ಹೈಬಿಸ್ಕಸ್ ಕ್ಯಾನಬಿನಸ್ ಎಂದು ಹೆಸರಿಟ್ಟಿದ್ದಾರೆ. ಪುಂಡಿಪಲ್ಯ ಉಂಡವರಿಗೆ ಅಮಲೇರಿದುದನ್ನು ಯಾರೂ ಕೇಳಿಲ್ಲ. ಅಮಲು ಇರುವುದು ಭಂಗಿಯ ಹೂತೆನೆಯ ಅಂಟಿನಲ್ಲಿ.

ಆ ಅಂಟಿನಿಂದ ಅಮಲಿನ ಮುಖ್ಯ ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ೧೯೬೪ರಲ್ಲಿ ಅದರ ಅಣುರಚನೆಯನ್ನು ತಿಳಿಸಿದವರು ಇಸ್ರೇಲಿನ ರಫಾಯೆಲ್ ಮೆಷೂಲಮ್ ಮತ್ತು ಯೆಹಿಯೆಲ್ ಗಾವೊನಿ. ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ಉದ್ದನೆಯ ಹೆಸರಿನ ಈ ದ್ರವ್ಯವನ್ನು ಸಂಕ್ಷೇಪವಾಗಿ ಟಿ.ಎಚ್.ಸಿ. ಎನ್ನುವರು. ಇದೂ ಇದರ ನೆಂಟದ್ರವ್ಯಗಳೂ ಕೂಡಿ ಕ್ಯಾನಬಿನಾಯಿಡುಗಳೆಂಬ ವರ್ಗವಾಗುವುವು.

ಟಿ.ಎಚ್.ಸಿ. ಎಣ್ಣೆಯಂಥ ವಸ್ತು, ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುವುದು. ಆದುದರಿಂದ ಅದು ನರಕೋಶದ ಕೊಬ್ಬಿನ ಪೊರೆಯಲ್ಲಿ ಕರಗಿ ಪೊರೆಯನ್ನು ಹದಗೆಡಿಸುವುದೆಂದೂ, ಅಮಲಿಗೆ ಇದೇ ಕಾರಣವೆಂದೂ ಬಹುಕಾಲ ಹಲವರು ನಂಬಿದ್ದರು. ೧೯೮೮ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಎಂಬುವರು ಟಿ.ಎಚ್.ಸಿ.ಯಂತೆಯೇ ವರ್ತಿಸುವ ಕೃತಕ ದ್ರವ್ಯವೊಂದಕ್ಕೆ ವಿಕಿರಣಶೀಲ ಟ್ರಿಟಿಯಮ್ಮಿನ ಗುರುತನ್ನು ಕಟ್ಟಿ, ಇಲಿಯ ಮಿದುಳಿನಿಂದ ತೆಗೆದ ಪೊರೆಗಳ ಮೇಲೆ ಅದನ್ನು ಪ್ರಯೋಗಿಸಿದರು. ಅದು ಎಲ್ಲೆಂದರಲ್ಲಿ ಕರಗಿಹೋಗದೆ ಗೊತ್ತಾದ ಎಡೆಗಳಲ್ಲಿ ಮಾತ್ರ ಬಿಗಿಯಾಗಿ ಅಂಟಿಕೊಂಡಿತು. ಮಿದುಳಿನಲ್ಲಿ ಕ್ಯಾನಬಿನಾಯಿಡಿಗೆ ಹೊಂದುವ ಗ್ರಾಹಿಯೊಂದು ಉಂಟೆಂಬುದು ಹೀಗೆ ಸಿದ್ಧವಾಯಿತು. ೧೯೯೦ರಲ್ಲಿ ಆ ಗ್ರಾಹಿಯ ಜೀನು ದೊರೆಯಿತು. ಅದನ್ನು ಈಗ ಸಿ.ಬಿ.೧ ಎಂದು ಕರೆಯುವರು. ಅದೇ ಬಗೆಯ ಗ್ರಾಹಿಗಳಲ್ಲಿ ಮಿದುಳಿನಲ್ಲಿ ಅತಿ ಹೇರಳವಾಗಿರುವವುಗಳಲ್ಲಿ ಇದೂ ಒಂದೆಂದು ತಿಳಿದುಬಂದಿದೆ.

ಇಲ್ಲಿ ಒಂದು ಒಗಟು ಎದುರಾಯಿತು. ಮನುಷ್ಯನು ಭಂಗಿಯನ್ನು ಎಂದೂ ಕಾಣದಿದ್ದರೂ ಅವನ ಮಿದುಳಿನಲ್ಲಿ ಈ ಬೀಗವಿದೆ. ಇಲಿಯಲ್ಲಿದೆ, ಹಂದಿಯಲ್ಲಿದೆ, ಮೀನಿನಲ್ಲಿಯೂ ಇದೆ. ಯಾವುದೋ ಗಿಡದ ಅಂಟಿಗಾಗಿ ಪ್ರಕೃತಿಯು ಇಷ್ಟು ಬೀಗಗಳನ್ನು ಮಾಡಿಟ್ಟಿರಲಾರದು. ಹಾಗಾದರೆ ಮಿದುಳೇ ತಯಾರಿಸುವ ಕೀಲಿಕೈ ಒಂದು ಇರಲೇಬೇಕು. ಅದನ್ನು ಹುಡುಕಿ ೧೯೯೨ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದವರು ಮೆಷೂಲಮ್ ಮತ್ತು ಡಿವೇನ್ ಮೊದಲಾದವರು. ಅವರು ಅದಕ್ಕೆ ಸಂಸ್ಕೃತದ ‘ಆನಂದ’ ಎಂಬ ಮಾತನ್ನು ತೆಗೆದುಕೊಂಡು ‘ಆನಂದಮೈಡ್’ ಎಂದು ಹೆಸರಿಟ್ಟುದು ನಮಗೆ ಸ್ವಾರಸ್ಯವಾದ ಸಂಗತಿ. ೧೯೯೫ರಲ್ಲಿ ಇಸ್ರೇಲಿನ ಮತ್ತು ಜಪಾನಿನ ವಿಜ್ಞಾನಿಗಳು ಬೇರೆಬೇರೆಯಾಗಿ ಎರಡನೆಯ ಕೀಲಿಕೈಯನ್ನು ಕಂಡರು. ಅದರ ಸಂಕ್ಷಿಪ್ತ ನಾಮ ೨-ಎ.ಜಿ. ಮಿದುಳಿನಲ್ಲಿ ಆನಂದಮೈಡಿಗಿಂತ ಇದು ಬಹಳ ಹೆಚ್ಚಾಗಿರುವುದು.

ಗದ್ದೆಯಿಂದ ತೂಬಿಗೆ

ಬೀಗವೂ ಸಿಕ್ಕಿತು, ಕೀಲಿಕೈಯೂ ಸಿಕ್ಕಿತು. ಆದರೆ ಈ ಬೀಗವು ತೆರೆಯುವ ಬಾಗಿಲು ಯಾವುದು? ಗ್ರಾಹಿಯು ಇರುವ ಸ್ಥಳವೇ ವಿಚಿತ್ರವಾಗಿತ್ತು. ಸಾಮಾನ್ಯವಾಗಿ ದೂತದ್ರವ್ಯದ ಗ್ರಾಹಿಯನ್ನು ಸಂದೇಶವನ್ನು ಪಡೆಯುವ ಕೋಶದ ಮೇಲೆ ಹುಡುಕಬೇಕು. ಸಿ.ಬಿ.೧ ಗ್ರಾಹಿಗಳಾದರೋ ಬಹುಮಟ್ಟಿಗೆ ಸಂದೇಶವನ್ನು ಕಳುಹಿಸುವ ಕೋಶದ ತುದಿಯಲ್ಲಿವೆ.

ಇದರ ಅರ್ಥವನ್ನು ಅರಿಯಲು ನಮ್ಮ ಕಾಲುವೆಗಳನ್ನು ನೆನೆಯೋಣ. ವಿಜಯನಗರದ ಅರಸರ ಕಾಲದ ರಾಯಕಾಲುವೆ, ಬಸವಣ್ಣ ಕಾಲುವೆಗಳು ಹೊಸಪೇಟೆಯ ಸುತ್ತಿನ ಭೂಮಿಗೆ ಇಂದಿಗೂ ನೀರು ಕೊಡುತ್ತಿವೆ. ತುರುತ್ತು ಕಾಲುವೆಯು ಹಂಪಿಯ ಅವಶೇಷಗಳ ನಡುವೆಯೇ ಹರಿದು ಬಾಳೆಯ ತೋಟಗಳನ್ನು ತಣಿಸುತ್ತಿದೆ. ಕಂಪ್ಲಿಯ ಬತ್ತದ ಗದ್ದೆಗಳಿಗೂ ಕಾಲುವೆಯ ನೀರೇ ಆಧಾರ. ನೀರು ಯಾವಾಗಲೂ ತೂಬಿನಿಂದ ಗದ್ದೆಯ ಕಡೆಗೆ ಹರಿಯುವುದು. ಗದ್ದೆಯಿಂದ ತೂಬಿಗೆ ಹರಿಯಲಾರದು. ಆದರೆ ಮಡಿ ತುಂಬಿದ ಮೇಲೆ ರೈತನು ಸುಮ್ಮನಿರುವನೆ? “ನಮ್ಮ ಗದ್ದೆಗೆ ಸಾಕು, ತೂಬು ಇಳಿಸಪ್ಪ” ಎಂದು ನೀರುಗಂಟಿಗೆ ಹೇಳಿಕಳುಹಿಸುವನು. ನೀರು ಮುಂದಕ್ಕೆ ಹೋಗುವುದು. ಸುದ್ದಿ ಹಿಂದಕ್ಕೆ ಬರುವುದು. ಈ ಹಿಂದಕ್ಕೆ ಬರುವ ಸುದ್ದಿಯಿಲ್ಲದಿದ್ದರೆ ಒಬ್ಬನ ಗದ್ದೆ ಕೊಳೆಯುವುದು, ಕಾಲುವೆಯ ಕೊನೆಯವನ ಗದ್ದೆ ಒಣಗುವುದು.

ಮಿದುಳಿನಲ್ಲಿಯೂ ಹೀಗೆಯೇ ನಡೆಯುವುದು. ೧೯೯೦ರ ದಶಕದ ಆರಂಭದಲ್ಲಿಯೇ ಇದರ ಸುಳಿವು ದೊರೆತಿತ್ತು. ಒಂದು ನರಕೋಶವನ್ನು ಕೆಲವು ಕ್ಷಣ ಬಲವಾಗಿ ಪ್ರಚೋದಿಸಿದರೆ, ಅದರ ಕಡೆಗೆ ಬರುತ್ತಿದ್ದ ಗಾಬಾದ ಸಂದೇಶವು ಸುಮಾರು ಅರ್ಧ ನಿಮಿಷ ಕುಗ್ಗುವುದನ್ನು ಪ್ರಯೋಗಕಾರರು ಕಂಡಿದ್ದರು. ಪ್ರಚೋದನೆ ಪಡೆದುದು ಕೆಳಗಿನ ಕೋಶ. ಬಾಯಿ ಮುಚ್ಚಿದುದು ಮೇಲಿನ ಕೋಶ. ಸುದ್ದಿ ಹಿಂದಕ್ಕೆ ಹೋದುದು ನಿಶ್ಚಯ. ಒಯ್ದ ದೂತನಾರೆಂಬುದು ಮಾತ್ರ ತಿಳಿಯದು. ೨೦೦೧ರಲ್ಲಿ ಮೂರು ಪ್ರಯೋಗಶಾಲೆಗಳು ಬೇರೆಬೇರೆಯಾಗಿ ಉತ್ತರವನ್ನು ಪ್ರಕಟಿಸಿದುವು: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೇಚೆಲ್ ವಿಲ್ಸನ್ ಮತ್ತು ರೋಜರ್ ನಿಕೊಲ್, ಜಪಾನಿನ ಕನಜಾವಾದಲ್ಲಿ ಮಸನೊಬು ಕಾನೊ ಮತ್ತು ಸಂಗಡಿಗರು, ಹಾರ್ವರ್ಡಿನಲ್ಲಿ ವೇಡ್ ರೆಗರ್ ಮತ್ತು ಅನಟೋಲ್ ಕ್ರೈಟ್ಜರ್. ಹಿಂದಕ್ಕೆ ಹೋಗುವ ದೂತನು ಮಿದುಳಿನ ಸ್ವಂತ ಕ್ಯಾನಬಿನಾಯಿಡೇ ಎಂದು ಮೂವರ ಪ್ರಯೋಗಗಳೂ ತೋರಿಸಿದುವು. ಈ ಕೆಲಸದ ಹೆಚ್ಚಿನ ಪಾಲು ೨-ಎ.ಜಿ.ಯದೆಂದು ಮುಂದೆ ಸ್ಪಷ್ಟವಾಯಿತು.

ಕ್ರಮವು ಹೀಗಿದೆ. ಸಂದೇಶ ಪಡೆಯುವ ಕೋಶವು ಬಹಳವಾಗಿ ಪ್ರಚೋದನೆಗೊಂಡಾಗ ಅದರೊಳಗೆ ಕ್ಯಾಲ್ಸಿಯಂ ಏರುವುದು. ಆಗ ಕಿಣ್ವವೊಂದು ಆ ಕೋಶದ ಪೊರೆಯ ಕೊಬ್ಬನ್ನೇ ಕತ್ತರಿಸಿ ೨-ಎ.ಜಿ.ಯನ್ನು ಸಿದ್ಧಪಡಿಸುವುದು. ಇತರ ದೂತದ್ರವ್ಯಗಳಂತೆ ಇದನ್ನು ಮೊದಲೇ ಚೀಲದಲ್ಲಿ ತುಂಬಿಡುವ ಪದ್ಧತಿಯಿಲ್ಲ. ಕೊಬ್ಬಿನಲ್ಲಿ ಕರಗುವ ವಸ್ತು ಕೊಬ್ಬಿನ ಚೀಲದಲ್ಲಿ ನಿಲ್ಲಲಾರದಷ್ಟೆ. ಬೇಕಾದಾಗ, ಬೇಕಾದಲ್ಲಿ, ಬೇಕಾದಷ್ಟೇ ತಯಾರಾಗುವುದು. ಅದು ಕಂಡಿಯನ್ನು ಹಿಮ್ಮುಖವಾಗಿ ದಾಟಿ, ಮೇಲಿನ ಕೋಶದ ತುದಿಯಲ್ಲಿರುವ ಸಿ.ಬಿ.೧ ಗ್ರಾಹಿಯನ್ನು ಕೂಡುವುದು. ಗ್ರಾಹಿಯು ಆ ತುದಿಯ ಕ್ಯಾಲ್ಸಿಯಂ ಬಾಗಿಲುಗಳನ್ನು ತಗ್ಗಿಸುವುದು. ಕ್ಯಾಲ್ಸಿಯಂ ಕಡಿಮೆಯಾದುದರಿಂದ ಚೀಲಗಳು ಬಾಯ್ದೆರೆಯುವುದೂ ಕಡಿಮೆಯಾಗುವುದು. ತೂಬು ಇಳಿದಂತಾಯಿತು. ಕೆಲಸ ಮುಗಿದೊಡನೆ ಇನ್ನೊಂದು ಕಿಣ್ವವು ೨-ಎ.ಜಿ.ಯನ್ನು ಒಡೆದುಹಾಕುವುದು, ತೂಬು ಮತ್ತೆ ಏರುವುದು. ಒಂದು ಸಂಧಿಯಲ್ಲಿ ನಡೆದ ಈ ವ್ಯವಹಾರವು ದೂರದ ಸಂಧಿಗಳಿಗೆ ತಿಳಿಯುವುದೂ ಇಲ್ಲ.

ತೂಬು ಇಳಿಯದೆ ಹೋದರೆ ಏನಾಗುವುದೆಂಬುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಅಲ್ಲಿಗೆ ತಾತ್ಕಾಲಿಕವಾದ ತಡೆಯನ್ನು ಕೂಡಿಸುವವರೆಗೆ, ಬೆಳೆಗೆ ಕಾದಿರಿಸಿದ ನೀರು ದಿನಗಟ್ಟಲೆ ಹೊಳೆಗೆ ಹರಿಯಿತು. ಮಿದುಳಿನಲ್ಲಿ ಎಬ್ಬಿಸುವ ಸಂದೇಶವು ತಡೆಯಿಲ್ಲದೆ ಹರಿದರೆ ಅಪಸ್ಮಾರದ ಸೆಳವು ಬರುವುದು. ಎಬ್ಬಿಸುವ ಕೋಶಗಳಲ್ಲಿ ಸಿ.ಬಿ.೧ ಗ್ರಾಹಿ ಇಲ್ಲದಂತೆ ಮಾಡಿದ ಇಲಿಗಳಿಗೆ, ಸೆಳವನ್ನುಂಟುಮಾಡುವ ಔಷಧವನ್ನು ಕೊಟ್ಟಾಗ ಇತರ ಇಲಿಗಳಿಗಿಂತ ಬಹಳ ತೀವ್ರವಾದ ಸೆಳವು ಬಂದುದನ್ನು ೨೦೦೩ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದುವು. ಹಿಂದಕ್ಕೆ ಹೋಗುವ ಈ ಸುದ್ದಿಯು ಮಿದುಳಿನ ರಕ್ಷಣೆಗೂ ಬೇಕಾದುದೆಂಬುದು ಇದರಿಂದ ಸ್ಪಷ್ಟವಾಗುವುದು.

ಹೊರಗಿನಿಂದ ಬಂದ ಕೀಲಿಕೈ

ಈಗ ಗಾಂಜಾದ ಹೊಗೆಯನ್ನು ಒಳಗೆ ಬಿಡೋಣ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಟಿ.ಎಚ್.ಸಿ. ಕೆಲವೇ ನಿಮಿಷಗಳಲ್ಲಿ ತಲುಪುವುದು. ಅದು ಸಿ.ಬಿ.೧ ಬೀಗಕ್ಕೆ ಹೊಂದುವ ಕೀಲಿಕೈ. ಆದರೆ ಅದನ್ನು ಯಾವ ಗದ್ದೆಯ ರೈತನೂ ಕಳುಹಿಸಿಲ್ಲ. ಕಾಲುವೆಯ ಉದ್ದಕ್ಕೂ ಇರುವ ಎಲ್ಲ ನೀರುಗಂಟಿಗಳಿಗೂ ಏಕಕಾಲಕ್ಕೆ “ತೂಬು ಇಳಿಸಿ” ಎಂಬ ಸುಳ್ಳು ಸುದ್ದಿ ಮುಟ್ಟಿದರೆ ಹೇಗೋ ಹಾಗೆ. ನೀರು ತುಂಬಿದ ಮಡಿಗೂ ಒಣಗಿದ ಮಡಿಗೂ ಒಂದೇ ಆಜ್ಞೆ. ಎಬ್ಬಿಸುವ ಸಂದೇಶದ ತೂಬುಗಳೂ ತಡೆಯುವ ಸಂದೇಶದ ತೂಬುಗಳೂ ಒಟ್ಟಿಗೆ ತಗ್ಗುವುದರಿಂದ, ಒಂದೆಡೆ ಚಟುವಟಿಕೆ ಕುಗ್ಗಿ ಇನ್ನೊಂದೆಡೆ ಏರಲೂಬಹುದು. ಒಂದೇ ವಸ್ತುವು ಒಬ್ಬನನ್ನು ನಗಿಸಿ ಇನ್ನೊಬ್ಬನನ್ನು ಭಯದಿಂದ ನಡುಗಿಸುವುದಕ್ಕೆ ಇದೂ ಒಂದು ಕಾರಣ.

ಕಾಲದಲ್ಲಿಯೂ ಭೇದವುಂಟು. ಮಿದುಳಿನ ಸ್ವಂತ ದೂತನ ಕೆಲಸ ಸೆಕೆಂಡುಗಳಲ್ಲಿ ಮುಗಿಯುವುದು. ಟಿ.ಎಚ್.ಸಿ.ಯನ್ನು ಒಡೆಯುವ ಏರ್ಪಾಡು ನರಸಂಧಿಯಲ್ಲಿಲ್ಲ. ಸೇದಿದ ಗಾಂಜಾದ ಪ್ರಭಾವವು ಎರಡು ಮೂರು ಗಂಟೆಗಳಾದರೂ ಇರುವುದು. ತಿಂದ ಅಥವಾ ಕುಡಿದ ಭಂಗಿಯು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ತಡಮಾಡಿ ಏರಿ, ಇನ್ನೂ ಹೆಚ್ಚು ಹೊತ್ತು ನಿಲ್ಲುವುದು. ಮೊದಲಿಗೆ ಏನೂ ಆಗಲಿಲ್ಲವೆಂದು ಮತ್ತಷ್ಟು ಸೇವಿಸಿದವರು ಪೇಚಿಗೆ ಸಿಕ್ಕುವುದು ಈ ಕಾರಣದಿಂದಲೇ. ಟಿ.ಎಚ್.ಸಿ.ಯು ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದು. ಆದುದರಿಂದ ದಿನವೂ ಸೇವಿಸುವವರು ಬಿಟ್ಟು ಕೆಲವು ವಾರಗಳಾದ ಮೇಲೂ ಮೂತ್ರಪರೀಕ್ಷೆಯಲ್ಲಿ ಅದರ ಕುರುಹು ಕಾಣಬಹುದು.

ಗ್ರಾಹಿಗಳು ಎಲ್ಲಿ ಹೆಚ್ಚಾಗಿವೆಯೆಂಬುದನ್ನು ನೋಡಿದರೆ ಅಮಲಿನ ಲಕ್ಷಣಗಳು ತಾವಾಗಿ ವಿಶದವಾಗುವುವು. ಹಿಪ್ಪೊಕ್ಯಾಂಪಸ್ ಎಂಬ ಭಾಗವು ಹೊಸ ನೆನಪುಗಳನ್ನು ಕೂಡಿಸುವ ಸ್ಥಾನ. ಅಲ್ಲಿ ಗ್ರಾಹಿಗಳು ದಟ್ಟವಾಗಿವೆ. ಆದುದರಿಂದ ಅಮಲಿನಲ್ಲಿದ್ದಾಗ ಓದಿದುದು ನೆನಪಿನಲ್ಲಿ ನಿಲ್ಲದು. ಹೇಳಲು ಹೊರಟ ಮಾತು ನಡುವೆಯೇ ಮರೆಯುವುದು. ಕಿರುಮಿದುಳೂ, ಚಲನೆಯನ್ನು ನಿಯಂತ್ರಿಸುವ ಒಳಭಾಗಗಳೂ ಅಂಥವೇ. ಅವು ಮೈಕೈಗಳ ಹೊಂದಾಣಿಕೆಯನ್ನೂ ಕಾಲದ ಅಂದಾಜನ್ನೂ ನೋಡಿಕೊಳ್ಳುವುವು. ಐದು ನಿಮಿಷವು ಅರ್ಧ ಗಂಟೆಯಂತೆ ತೋರುವುದು ಇವು ತಪ್ಪಿದುದರ ಫಲ. ಸಂಡೂರಿನ ಗುಡ್ಡದ ತಿರುವಿನಲ್ಲಿ ಗಂಟೆಗೆ ೫೪ ಕಿಲೊಮೀಟರು ವೇಗದಿಂದ ಬೈಕು ನಡೆಸುವವನು ಸೆಕೆಂಡಿಗೆ ೧೫ ಮೀಟರು ಸಾಗುವನು. ಎದುರಿಗೆ ಅದಿರಿನ ಲಾರಿ ಕಂಡಾಗ ಅವನ ಕೈ ಬ್ರೇಕಿಗೆ ಹೋಗುವುದು ೦.೨ ಸೆಕೆಂಡು ತಡವಾದರೂ ಬೈಕು ಮೂರು ಮೀಟರು ಮುಂದೆ ಹೋಗಿರುವುದು. ಬದುಕಿಗೂ ಸಾವಿಗೂ ಅಷ್ಟು ಅಂತರ ಸಾಕು.

ಉಸಿರಾಟವನ್ನು ನಡೆಸುವ ಮಿದುಳುಕಾಂಡದ ಕೇಂದ್ರಗಳಲ್ಲಿ ಈ ಗ್ರಾಹಿಗಳು ಬಹಳ ವಿರಳ. ಅಫೀಮು, ಹೆರಾಯಿನ್‌ಗಳು ಅತಿಯಾದಾಗ ಉಸಿರೇ ನಿಲ್ಲುವಂತೆ ಗಾಂಜಾದಿಂದ ಸಾಮಾನ್ಯವಾಗಿ ನಿಲ್ಲದಿರುವುದಕ್ಕೆ ಇದೇ ಕಾರಣ. ಈ ಸಂಗತಿಯನ್ನು ಮರೆಮಾಚಬೇಕಾದುದಿಲ್ಲ. ಆದರೆ ಕೂಡಲೇ ಕೊಲ್ಲದು ಎಂಬುದಕ್ಕೂ ಕೇಡು ಮಾಡದು ಎಂಬುದಕ್ಕೂ ಬಹಳ ವ್ಯತ್ಯಾಸವಿದೆ.

ಎಳೆಯ ಮಿದುಳು

ಸುಳ್ಳು ಸುದ್ದಿ ದಿನವೂ ಬರುತ್ತಿದ್ದರೆ ನೀರುಗಂಟಿಯು ಏನು ಮಾಡುವನು? ಯಾವ ಮಾತನ್ನೂ ಕಿವಿಗೆ ಹಾಕಿಕೊಳ್ಳದಂತಾಗುವನು. ಆಮೇಲೆ ನಿಜವಾದ ಸುದ್ದಿ ಬಂದರೂ ಅಲ್ಲಾಡನು. ಗಾಂಜಾವನ್ನು ದಿನವೂ ಸೇವಿಸುವವರ ಮಿದುಳಿನಲ್ಲಿ ಸಿ.ಬಿ.೧ ಗ್ರಾಹಿಗಳು ಕಡಿಮೆಯಾಗುವುದನ್ನು ಪಾಸಿಟ್ರಾನ್ ಚಿತ್ರಣದ ಮೂಲಕ ೨೦೧೨ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಸುಮಾರು ನಾಲ್ಕು ವಾರ ಬಿಟ್ಟ ಮೇಲೆ ಗ್ರಾಹಿಗಳು ಬಹುಮಟ್ಟಿಗೆ ಮೊದಲಿನಂತಾದುವೆಂಬುದು ಆಶಾದಾಯಕವಾದ ಸಂಗತಿ. ಆದರೆ ಆ ನಡುವಿನ ದಿನಗಳಲ್ಲಿ ನಿದ್ದೆಗೇಡು, ಸಿಡುಕು, ಹಸಿವಿಲ್ಲದಿರುವುದು ಮುಂತಾದುವು ಪೀಡಿಸುವುವು. ‘ಬಿಡಬೇಕೆಂದರೆ ನಾಳೆಯೇ ಬಿಡುವೆ’ ಎನ್ನುವವನು ಬಿಡಲಾರದೆ ಹೋಗುವುದು ಇದರಿಂದಲೇ. ಸೇವಿಸಿದವರಲ್ಲಿ ಸುಮಾರು ಹತ್ತಕ್ಕೊಬ್ಬರು ಅದಕ್ಕೆ ದಾಸರಾಗುವರೆಂದೂ, ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಈ ಪ್ರಮಾಣವು ಇನ್ನೂ ಹೆಚ್ಚೆಂದೂ ಅಂದಾಜು ಮಾಡಿದ್ದಾರೆ.

ಹದಿಹರೆಯದಲ್ಲಿ ಹೆಚ್ಚೇಕೆ? ಮಿದುಳಿನ ಮುಂಭಾಗವು ಪೂರ್ತಿ ಬಲಿಯುವುದು ಇಪ್ಪತ್ತೈದರ ಸುಮಾರಿ‌ನಲ್ಲಿ. ವಿವೇಚನೆ, ಸಂಯಮ, ಮುಂದಾಲೋಚನೆಗಳು ಆ ಭಾಗದ ಕೆಲಸ. ಅಲ್ಲಿಯವರೆಗೆ ಅನಗತ್ಯವಾದ ಸಂಧಿಗಳನ್ನು ಕಡಿದುಹಾಕಿ ಬೇಕಾದವುಗಳನ್ನು ಗಟ್ಟಿಮಾಡುವ ಕೆಲಸ ಅಲ್ಲಿ ನಡೆಯುತ್ತಿರುವುದು. ಈ ಕೆಲಸದಲ್ಲಿಯೂ ಮಿದುಳಿನ ಸ್ವಂತ ಕ್ಯಾನಬಿನಾಯಿಡುಗಳಿಗೆ ಪಾಲುಂಟು. ಗದ್ದೆಗೆ ಕಾಲುವೆಗಳನ್ನು ತೋಡುತ್ತಿರುವ ಕಾಲದಲ್ಲಿಯೇ ಸುಳ್ಳು ಸುದ್ದಿಗಳು ಹರಿದಾಡಿದರೆ, ತೂಬಿನೊಡನೆ ಕಾಲುವೆಯ ದಾರಿಯೂ ತಪ್ಪುವ ಭಯವಿದೆ.

ಹುಚ್ಚಿನ ಮಾತೇನು? ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಬಂದ ೪೫,೦೦೦ಕ್ಕೂ ಹೆಚ್ಚು ತರುಣರನ್ನು ೧೫ ವರ್ಷಗಳ ಕಾಲ ಗಮನಿಸಿದ ಅಧ್ಯಯನವು ೧೯೮೭ರಲ್ಲಿ ಪ್ರಕಟವಾಯಿತು. ಸೈನ್ಯಕ್ಕೆ ಬರುವ ಮೊದಲೇ ೫೦ಕ್ಕೂ ಹೆಚ್ಚು ಬಾರಿ ಸೇವಿಸಿದ್ದವರಲ್ಲಿ ಸ್ಕಿಜೊಫ್ರೇನಿಯ ಎಂಬ ಮಾನಸಿಕ ರೋಗವು ಸೇವಿಸದವರಲ್ಲಿದ್ದುದಕ್ಕಿಂತ ಆರು ಪಟ್ಟು ಕಂಡಿತು. ಇತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರವು ಕುಗ್ಗಿತು; ಆದರೆ ಅಳಿಯಲಿಲ್ಲ. ಮುಂದಿನ ಅನೇಕ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿವೆ. ಸೇವಿಸಿದವರಲ್ಲಿ ಬಹುಮಂದಿಗೆ ಈ ರೋಗ ಬರುವುದಿಲ್ಲವೆಂಬುದು ನಿಜ. ಆದರೆ ವಂಶದಲ್ಲಿ ಇಂಥ ರೋಗವುಳ್ಳವರಿಗೆ, ಎಳೆಯ ವಯಸ್ಸಿನಲ್ಲಿ ಆರಂಭಿಸಿದವರಿಗೆ, ತೀಕ್ಷ್ಣವಾದ ಸರಕನ್ನು ಮೇಲಿಂದ ಮೇಲೆ ಸೇವಿಸಿದವರಿಗೆ ಅಪಾಯವು ಹೆಚ್ಚು. ತಾನು ಯಾವ ಗುಂಪಿಗೆ ಸೇರಿದವನೆಂಬುದನ್ನು ಯಾವ ವಿದ್ಯಾರ್ಥಿಯೂ ಮೊದಲೇ ಪರೀಕ್ಷಿಸಿ ತಿಳಿಯಲಾರನು.

ಔಷಧವಾಗಿ

ಬೀಗ ತಿಳಿದ ಮೇಲೆ ಅದರಿಂದ ಔಷಧ ಮಾಡುವ ಆಸೆ ಸಹಜ. ಕ್ಯಾನ್ಸರಿನ ಔಷಧದಿಂದ ಬರುವ ವಾಂತಿಯನ್ನು ತಡೆಯಲು ಕೃತಕವಾಗಿ ತಯಾರಿಸಿದ ಟಿ.ಎಚ್.ಸಿ.ಗೆ ಅಮೆರಿಕದಲ್ಲಿ ೧೯೮೫ರಲ್ಲಿ ಒಪ್ಪಿಗೆ ದೊರೆಯಿತು. ಅದೇ ಗಿಡದ ಕ್ಯಾನಬಿಡಯಾಲ್ ಎಂಬ ಇನ್ನೊಂದು ದ್ರವ್ಯವು ಅಮಲನ್ನು ತರುವುದಿಲ್ಲ. ಮಕ್ಕಳಲ್ಲಿ ಕಾಣುವ ಎರಡು ಬಗೆಯ ಕಠಿನವಾದ ಅಪಸ್ಮಾರಕ್ಕೆ ಔಷಧವಾಗಿ ೨೦೧೮ರಲ್ಲಿ ಅದಕ್ಕೂ ಅಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನೊಂದು ಪ್ರಯತ್ನದ ಕಥೆ ಬೇರೆಯಾಯಿತು. ಗಾಂಜಾ ಹಸಿವನ್ನು ಹೆಚ್ಚಿಸುವುದಾದರೆ, ಸಿ.ಬಿ.೧ ಗ್ರಾಹಿಯನ್ನು ಮುಚ್ಚಿಬಿಟ್ಟರೆ ಹಸಿವು ಇಳಿದು ಬೊಜ್ಜು ಕರಗಬೇಕಲ್ಲವೆ? ಈ ತರ್ಕದಿಂದ ಹುಟ್ಟಿದ ರಿಮೊನಬಂಟ್ ಎಂಬ ಔಷಧವು ೨೦೦೬ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂದಿತು. ತೂಕ ಇಳಿದುದು ನಿಜ. ಆದರೆ ಸೇವಿಸಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಹೆಚ್ಚಿದುದರಿಂದ ೨೦೦೮ರಲ್ಲಿ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು. ಸುದ್ದಿಯನ್ನು ಎಲ್ಲೆಡೆಯೂ ಕೂಗಿದರೂ ಕೇಡು. ಎಲ್ಲೆಡೆಯೂ ಅಡಗಿಸಿದರೂ ಕೇಡು.

ಈಗ ಆರಂಭದ ಇಬ್ಬರು ವಿದ್ಯಾರ್ಥಿಗಳಿಗೆ ಉತ್ತರ ಹೇಳಬಹುದು. ಒಂದು ಸಲ ಮುಟ್ಟಿದವರಿಗೆಲ್ಲ ಹುಚ್ಚು ಹಿಡಿಯುವುದೆಂಬ ಮಾತು ಸುಳ್ಳು. ಸುಳ್ಳನ್ನು ಹೇಳಿ ಹೆದರಿಸಿದರೆ, ಅದು ಸುಳ್ಳೆಂದು ಗೊತ್ತಾದ ದಿನ ನಿಜವಾದ ಎಚ್ಚರಿಕೆಯನ್ನೂ ಯಾರೂ ನಂಬರು. ಗಿಡದ ವಸ್ತುವಾದುದರಿಂದ ಕೇಡಿಲ್ಲವೆಂಬ ಮಾತೂ ನಿಲ್ಲದು. ಟಿ.ಎಚ್.ಸಿ. ಹೊಂದುವ ಬೀಗಕ್ಕೇ ಆನಂದಮೈಡೂ ೨-ಎ.ಜಿ.ಯೂ ಹೊಂದುವುವು. ಅವು ಗೊತ್ತಾದ ಒಂದು ಸಂಧಿಯಲ್ಲಿ ಕ್ಷಣಕಾಲ ಕೆಲಸ ಮಾಡುವುವು. ಇದು ಮಿದುಳಿನ ತುಂಬ ಗಂಟೆಗಟ್ಟಲೆ ಮಾಡುವುದು. ಕೇಡು ಇರುವುದು ಈ ವ್ಯತ್ಯಾಸದಲ್ಲಿ. ದೇವಸ್ಥಾನದ ಅಂಗಳದಲ್ಲಿ ಕೊಟ್ಟರೂ ಹಾಸ್ಟೆಲಿನ ಕೋಣೆಯಲ್ಲಿ ಕೊಟ್ಟರೂ ಗ್ರಾಹಿಗೆ ಭೇದ ತಿಳಿಯದು.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು ೩.೧ ಕೋಟಿ ಜನರು ಹಿಂದಿನ ಒಂದು ವರ್ಷದೊಳಗೆ ಭಂಗಿಯ ಯಾವುದಾದರೂ ರೂಪವನ್ನು ಸೇವಿಸಿದ್ದರು. ಗಾಂಜಾ ಮತ್ತು ಚರಸ್ಸನ್ನು ಬೆಳೆಯುವುದಾಗಲಿ, ಮಾರುವುದಾಗಲಿ, ಬಳಿ ಇಟ್ಟುಕೊಳ್ಳುವುದಾಗಲಿ ೧೯೮೫ರ ಮಾದಕ ವಸ್ತುಗಳ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ಆದರೆ ಈ ಜಾಲದಲ್ಲಿ ಸಿಕ್ಕಿದ ತರುಣನಿಗೆ ಮೊದಲು ಬೇಕಾದುದು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕವಾದ ವಿಭಾಗವಿದೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಕೊನೆಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳ ಗಮನಕ್ಕೆ ಒಂದು ಮಾತು. ಕೊಬ್ಬಿನಲ್ಲಿ ಮಾತ್ರ ಕರಗುವ ೨-ಎ.ಜಿ. ಅಣುವು ತನ್ನ ಪೊರೆಯನ್ನು ಬಿಟ್ಟು, ನೀರು ತುಂಬಿದ ೨೦ ನ್ಯಾನೊಮೀಟರಿನ ಕಂಡಿಯನ್ನು ದಾಟಿ, ಎದುರಿನ ಪೊರೆಯನ್ನು ಸೇರುವುದು ಹೇಗೆ? ಯಾವುದಾದರೂ ಪ್ರೋಟೀನು ಅದನ್ನು ಹೊತ್ತು ಸಾಗಿಸುವುದೆ, ಅಥವಾ ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಕುಳಿತು ಅದು ಸಾಗುವುದೆ? ಈ ಪ್ರಶ್ನೆಯ ಮೇಲೆ ಸಂಶೋಧನೆ ಇನ್ನೂ ನಡೆಯುತ್ತಿದೆ. ಸ್ಥಿತಿವಿದ್ಯುತ್ತು, ಮೇಲ್ಮೈ ಎಳೆತ, ಅಣುಗಳ ವಿಸರಣ ಇವೆಲ್ಲ ನಮ್ಮ ಪಠ್ಯಪುಸ್ತಕದಲ್ಲಿಯೇ ಇರುವ ವಿಷಯಗಳು. ಆ ಪುಸ್ತಕವನ್ನು ಓದುತ್ತಿರುವವರಲ್ಲಿ ಯಾರಾದರೊಬ್ಬರು ಮುಂದೆ ಇದಕ್ಕೆ ಉತ್ತರ ಕಂಡುಹಿಡಿಯಬಾರದೇಕೆ?